ಕ್ರಿಮ್ಸನ್ ಪೀಕ್: ಮನೆ ಕಣ್ಣಲ್ಲಿ ನಿಂತಿತು, ಎಡಿತ್ ಯಾಕೆ ನಿಲ್ಲಲಿಲ್ಲ?

ಹಳೇ_ರೀಲ್:

ಮೊದಲೇ ಹೇಳಿಬಿಡುತ್ತೇನೆ, ಇಲ್ಲಿ ಕಥೆಯನ್ನು ಕೊನೆವರೆಗೂ ಬಿಚ್ಚಿಟ್ಟು ಮಾತಾಡೋಣ. ಸಿನಿಮಾ ನೋಡದವರು ನೋಡಿಕೊಂಡು ಬನ್ನಿ.

ನಿರ್ದೇಶಕ ಗಿಯೆರ್ಮೊ ಡೆಲ್ ಟೋರೊ ಅವರ 2015ರ ‘ಕ್ರಿಮ್ಸನ್ ಪೀಕ್’ ಬಗ್ಗೆ ಮಾತು ಬಂದಾಗಲೆಲ್ಲ ಒಂದೇ ತೀರ್ಪು ಕೇಳಿಬರುತ್ತೆ: ನೋಡೋಕೆ ಚೆಂದ, ಕಥೆ ಟೊಳ್ಳು. ಈ ತೀರ್ಪು ಪೂರ್ತಿ ಸುಳ್ಳಲ್ಲ, ಆದರೆ ಅಷ್ಟಕ್ಕೇ ನಿಲ್ಲಿಸೋದು ಸೋಮಾರಿತನ ಅನ್ನಿಸುತ್ತೆ. ಟೊರೊಂಟೊದ ಪೈನ್‌ವುಡ್ ಸ್ಟುಡಿಯೋದಲ್ಲಿ ಕಥೆ ನಡೆಯುವ ಮೂರು ಅಂತಸ್ತಿನ ಮನೆ ಆಲರ್ಡೇಲ್ ಹಾಲ್ ಅನ್ನು ನಿಜವಾಗಿಯೂ ಕಟ್ಟಿದರು, ಓಡಾಡುವ ಲಿಫ್ಟ್ ಸಮೇತ. ಛಾವಣಿ ಒಡೆದ ಹಜಾರ, ಒಳಗೆ ಉದುರುವ ಹಿಮ, ಹಲಗೆ ತುಳಿದರೆ ಸಂದಿಯಿಂದ ಜಿನುಗುವ ಕೆಂಪು ಜೇಡಿ, ಇಷ್ಟೂ ಒಮ್ಮೆ ನೋಡಿದವರ ಕಣ್ಣಲ್ಲಿ ಉಳಿಯುತ್ತೆ. ಆದರೆ ಆ ಮನೆಗೆ ಮದುವೆಯಾಗಿ ಬಂದ ಎಡಿತ್ ಕುಶಿಂಗ್ ಎಂಥವಳು ಅಂತ ಕೇಳಿದರೆ ‘ಹಳದಿ ಗೌನು ಹಾಕಿದ್ದವಳು’ ಅನ್ನೋದು ಬಿಟ್ಟು ಬೇರೆ ಉತ್ತರ ಬೇಗ ಹೊಳೆಯಲ್ಲ. ವಿಚಿತ್ರ ಅಂದರೆ, ಅದೇ ಸೆಟ್ಟು, ಅದೇ ಬೆಳಕು ಇದ್ದರೂ ಗಂಡನ ಅಕ್ಕ ಲೂಸಿಲ್ ಮಾತ್ರ ಮರೆಯೋದಿಲ್ಲ.

ಬಲ್ಲವರಿಗೆ ಎರಡು ಪ್ರಶ್ನೆ. ದೃಶ್ಯವೈಭವ ಇಲ್ಲಿ ಕಥೆಯನ್ನು ನುಂಗಿತಾ, ಇಲ್ಲಾ ಕಥೆಯ ಕೆಲಸವನ್ನೂ ಅದರ ತಲೆಗೇ ಹೊರಿಸಿಬಿಟ್ಟರಾ? ಸೆಟ್ಟಿನ ಒಂದು ಮೊಳೆಯನ್ನೂ ಮುಟ್ಟದೆ, ಬರೀ ಸ್ಕ್ರಿಪ್ಟು ಮತ್ತು ಎಡಿಟಿಂಗಿನಲ್ಲಿ ಸರಿಮಾಡಿ ಅಂದರೆ ಎಲ್ಲಿ ಕೈ ಹಾಕ್ತೀರಿ?


ಮೂರನೇ_ಅಂಕ:

ಎರಡನೇ ಪ್ರಶ್ನೆಯಿಂದಲೇ ಶುರುಮಾಡುತ್ತೇನೆ. ಅದಕ್ಕೆ ಉತ್ತರ ಸಿಕ್ಕರೆ ಮೊದಲನೆಯದಕ್ಕೂ ಸಿಕ್ಕ ಹಾಗೆ.

ಯಾವುದೇ ಗಾಥಿಕ್ ಕಥೆಯನ್ನು (ಹಳೇ ಮನೆ, ಗುಟ್ಟು, ಭಯ ಬೆರೆತ ಕಥೆ) ಬಿಚ್ಚಿ ನೋಡುವಾಗ ಒಂದು ಹಾಳೆಯಲ್ಲಿ ಎರಡು ಅಂಕಣ ಹಾಕಿ. ಎಡಕ್ಕೆ ಪ್ರೇಕ್ಷಕನಿಗೆ ಯಾವಾಗ ಗೊತ್ತಾಯಿತು, ಬಲಕ್ಕೆ ನಾಯಕಿಗೆ ಯಾವಾಗ ಗೊತ್ತಾಯಿತು. ‘ಕ್ರಿಮ್ಸನ್ ಪೀಕ್’ಗೆ ಈ ಹಾಳೆ ತುಂಬಿಸುತ್ತಾ ಹೋದರೆ ಎಡ ಅಂಕಣವೇ ಸದಾ ಮುಂದಿರುತ್ತದೆ. ಎಡಿತ್ ಮದುವೆಯಾಗುವ ಥಾಮಸ್, ಅವನ ಅಕ್ಕ ಲೂಸಿಲ್ ಏನೋ ಸಂಚು ಮಾಡುತ್ತಿದ್ದಾರೆ ಎಂದು ನಮಗೆ ಎಡಿತ್ ಊರಾದ ಅಮೆರಿಕದ ಬಫಲೋದ ಉದ್ಯಾನದಲ್ಲೇ ತಿಳಿದುಹೋಗುತ್ತದೆ. ಸಾಯುತ್ತಿರುವ ಚಿಟ್ಟೆಗಳು, ಅವಕ್ಕೆ ಮುತ್ತುವ ಇರುವೆಗಳು, ತಮ್ಮ ಊರಿನಲ್ಲಿ ಕಪ್ಪು ಪತಂಗಗಳೇ ಬದುಕುವುದು ಎನ್ನುವ ಲೂಸಿಲ್ ಮಾತು. ಅಷ್ಟು ಸಾಲದೆಂಬಂತೆ ಎಡಿತ್ ತಕ್ಕವಳೇ ಅಲ್ಲವೇ ಎಂದು ಇಬ್ಬರೇ ಮಾತಾಡಿಕೊಳ್ಳುವುದನ್ನೂ ತೋರಿಸುತ್ತಾರೆ. ಅಲ್ಲಿಂದ ಮುಂದೆ ಎಡಿತ್ ಹುಡುಕಿ ತೆಗೆಯುವುದೆಲ್ಲ ನಮಗೆ ಹಳೇ ಸುದ್ದಿ. ನಾವು ಅವಳ ಜೊತೆ ನಡೆಯುತ್ತಿಲ್ಲ, ದಾರಿಯ ಕೊನೆಯಲ್ಲಿ ನಿಂತು ಅವಳು ಬರುವುದನ್ನು ಕಾಯುತ್ತಿದ್ದೇವೆ. ಕಾಯುವವನ ಕಣ್ಣು ಗೋಡೆ, ಮಂಚ, ಮೆಟ್ಟಿಲು ನೋಡದೆ ಇನ್ನೇನು ಮಾಡೀತು? ‘ಸ್ಟೈಲ್ ಜಾಸ್ತಿಯಾಯಿತು’ ಅನ್ನಿಸುವುದು ಹೀಗೆ. ಸ್ಟೈಲು ಜಾಸ್ತಿಯಾದದ್ದಲ್ಲ, ಪ್ರೇಕ್ಷಕನಿಗೆ ಬೇರೆ ಕೆಲಸ ಇಲ್ಲದೆ ಹೋದದ್ದು.

ಈಗ ರಿಪೇರಿ. ನನ್ನ ಮೊದಲ ಕತ್ತರಿ ಆ ಖಾಸಗಿ ಮಾತಿಗೆ. ಇರುವೆ ಚಿಟ್ಟೆ ಇರಲಿ, ಲೂಸಿಲ್‌ಳ ನೋಟ ಇರಲಿ, ಪಿಯಾನೋ ಮುಂದೆ ಕೆಂಪು ಗೌನಿನಲ್ಲಿ ಕೂತು ತಮ್ಮನ ವಾಲ್ಟ್ಜ್ ನೋಡುವ ಆ ಶಾಟ್ ಇರಲಿ. ಅವೆಲ್ಲ ಅನುಮಾನ ಹುಟ್ಟಿಸುತ್ತವೆ. ಸಂಭಾಷಣೆ ಅನುಮಾನವನ್ನು ಕೊಂದು ಖಾತ್ರಿ ಮಾಡುತ್ತದೆ.

ಎರಡನೆಯದು ದೊಡ್ಡದು, ಆದರೆ ಒಂದೇ ಒಂದು ಸಾಲನ್ನು ಎತ್ತಿ ಬೇರೆ ಕಡೆ ಇಡುವ ಕೆಲಸ. 1887ರಲ್ಲಿ ತಾಯಿಯ ದೆವ್ವ ಬಂದು ‘ಕ್ರಿಮ್ಸನ್ ಪೀಕ್ ಬಗ್ಗೆ ಎಚ್ಚರ’ ಅನ್ನುತ್ತದೆ. ಎಡಿತ್ ದೊಡ್ಡವಳಾದ ಮೇಲೆ ಮತ್ತೊಮ್ಮೆ ಅದೇ ಮಾತು. ಆದರೆ ಆಲರ್ಡೇಲ್ ಹಾಲ್‌ಗೆ ಆ ಅಡ್ಡಹೆಸರಿದೆ ಎಂದು ಥಾಮಸ್ ಬಾಯಿಬಿಡುವುದು ಅವಳು ಆ ಮನೆ ಸೇರಿ ಎಷ್ಟೋ ದಿನಕ್ಕೆ, ಹಿಮದ ಮೇಲೆ ಕೆಂಪು ಜೇಡಿ ಹರಡುವ ವಿಷಯ ಹೇಳುವಾಗ. ಪೋಸ್ಟರಿನಲ್ಲೇ ಹೆಸರು ಓದಿಕೊಂಡು ಬಂದ ನಮಗೆ ಅದರಿಂದ ಏನೂ ಆಗುವುದಿಲ್ಲ. ಎಡಿತ್‌ಗೆ ಆಘಾತವಾಗುತ್ತದೆ ನಿಜ, ಆದರೆ ಆ ಆಘಾತದಿಂದ ಅವಳು ಮಾಡಬೇಕಾದ ಆಯ್ಕೆ ಯಾವುದೂ ಉಳಿದಿಲ್ಲ, ಮದುವೆ ಮುಗಿದಿದೆ, ಹಿಮ ದಾರಿ ಮುಚ್ಚಿದೆ.

ಅದೇ ಸಾಲನ್ನು ಬಫಲೋದಲ್ಲಿ, ಮದುವೆಗೆ ಮೊದಲು, ಥಾಮಸ್ ತನ್ನ ಊರನ್ನು ಬಣ್ಣಿಸುವ ಉಮೇದಿನಲ್ಲಿ ಹೇಳಿದ ಅಂತಿಟ್ಟುಕೊಳ್ಳಿ. ಎಡಿತ್ ಕೇಳಿಸಿಕೊಳ್ಳುತ್ತಾಳೆ. ಮುಖ ಬಿಳಿಚುತ್ತದೆ. ಹಾಗಿದ್ದೂ ಹೊರಡುತ್ತಾಳೆ. ಯಾಕೆ? ಅಪ್ಪ ಸತ್ತು ಒಂಟಿಯಾದ ದುಃಖಕ್ಕೋ, ಪ್ರೀತಿಗೋ, ದೆವ್ವ ಅನ್ನುವುದು ಗತಕಾಲದ ರೂಪಕ ಅಷ್ಟೇ ಎಂದು ತಾನೇ ತನ್ನ ಕಾದಂಬರಿಯ ಬಗ್ಗೆ ಕೊಟ್ಟಿದ್ದ ವಿವರಣೆಯನ್ನು ನಂಬಿಯೋ. ಯಾವ ಉತ್ತರ ಆರಿಸಿದರೂ ಅವಳೊಬ್ಬ ವ್ಯಕ್ತಿಯಾಗುತ್ತಾಳೆ. ಆಮೇಲೆ ಆ ಮನೆಯ ಪ್ರತಿ ಕೆಂಪು ಕಲೆಯೂ ‘ಗೊತ್ತಿದ್ದೂ ಬಂದೆಯಲ್ಲ’ ಎಂದು ಅವಳನ್ನು ಕೇಳುತ್ತದೆ. ಸೆಟ್ಟು ಅದೇ, ಬಣ್ಣ ಅದೇ, ಅದರ ತೂಕ ಬೇರೆ.

ಮೂರನೆಯದು ದೆವ್ವಗಳ ಕೆಲಸ ಕಡಿಮೆ ಮಾಡುವುದು. ಎಡಿತ್ ಬರಹಗಾರ್ತಿ. ಕೈಬರಹ ನೋಡಿ ಹೆಂಗಸು ಅಂತ ಕಂಡುಹಿಡಿಯುತ್ತಾರೆಂದು ಹಸ್ತಪ್ರತಿಯನ್ನು ಟೈಪ್ ಮಾಡಲು ಹೊರಡುವವಳು. ಅಕ್ಷರ ಮನುಷ್ಯರನ್ನು ಬಯಲು ಮಾಡುತ್ತದೆ ಎಂದು ಬಲ್ಲವಳು. ಅಪ್ಪ ಕೊಟ್ಟ ಪೆನ್ನಿಗೆ ಕೊನೆಯಲ್ಲಿ ಒಳ್ಳೆಯ ಉಪಯೋಗ ಆಗುತ್ತದೆ, ಲೂಸಿಲ್‌ಳನ್ನು ಇರಿಯುವುದು ಅದರಿಂದಲೇ. ಆದರೆ ಆ ಬುದ್ಧಿಗೆ ಉಪಯೋಗ ಆಗುವುದಿಲ್ಲ. ಮನೆಯೊಳಗಿನ ಸುಳಿವುಗಳತ್ತ ದೆವ್ವಗಳೇ ದಾರಿ ತೋರಿಸುತ್ತವೆ, ಇವಳು ಹೋಗಿ ಎತ್ತಿಕೊಳ್ಳುತ್ತಾಳೆ. ಮಿಲಾನ್‌ನಿಂದ ಬಂದ ಕಾಗದ, ಥಾಮಸ್‌ನ ಹಿಂದಿನ ಹೆಂಡತಿ ಎನೋಲಾಳ ಹೆಸರಿದ್ದ ಟ್ರಂಕು, ದನಿ ಮುದ್ರಿಸಿದ ಮೇಣದ ಸಿಲಿಂಡರುಗಳು, ಇವಿಷ್ಟೂ ಕೈಯಲ್ಲಿದ್ದಾಗ ಒಬ್ಬ ಕಥೆಗಾರ್ತಿ ತಾನೇ ಜೋಡಿಸಬೇಕು, ಒಮ್ಮೆ ತಪ್ಪಾಗಿ ಜೋಡಿಸಬೇಕು, ಆ ತಪ್ಪಿಗೆ ಬೆಲೆ ತೆರಬೇಕು. ನಾಯಕಿ ಒಮ್ಮೆಯಾದರೂ ತಪ್ಪದಿದ್ದರೆ ಅವಳ ಬುದ್ಧಿ ನಮಗೆ ಕಾಣುವುದೇ ಇಲ್ಲ.


ಕಪ್ಪು_ಪತಂಗ:

ಮೇಲಿನವರ ಎರಡನೇ ರಿಪೇರಿ ಚೆನ್ನಾಗಿದೆ, ಒಪ್ಪಿದೆ. ಮೊದಲನೆಯದಕ್ಕೆ ನನ್ನ ತಕರಾರಿದೆ ಮಾರಾಯ್ರೇ.

ಇದು ಪತ್ತೇದಾರಿ ಕಥೆ ಅಲ್ಲ. ಗಾಥಿಕ್ ರೊಮಾನ್ಸ್. ಇದರ ಬೇರು ಫ್ರಾನ್ಸಿನ ಕಥೆಗಾರ ಪೆರೋ 1697ರಲ್ಲಿ ಅಚ್ಚು ಹಾಕಿಸಿದ ನೀಲಿಗಡ್ಡದವನ ಕಥೆಯಲ್ಲಿದೆ. ಗಂಡ ಬೀಗದಕೈ ಗೊಂಚಲು ಕೊಟ್ಟು, ಒಂದು ಕೋಣೆಗೆ ಮಾತ್ರ ಹೋಗಬೇಡ ಅಂತಾನೆ. ಕೋಣೆಯೊಳಗೆ ಹಳೇ ಹೆಂಡತಿಯರ ಹೆಣ ಇದೆ ಅಂತ ಕೇಳುವವರಿಗೆಲ್ಲ ಗೊತ್ತು. ಆಲರ್ಡೇಲ್‌ನಲ್ಲೂ ಹಾಗೆಯೇ, ಕೆಳಗಿನ ಗಣಿಮಟ್ಟಕ್ಕೆ ಇಳಿಯಬೇಡ ಅಂತ ಥಾಮಸ್ ಬಂದ ಕೂಡಲೇ ಹೇಳ್ತಾನೆ. ಗೊತ್ತಿದ್ದೇ ನೋಡುವ ಕಥೆ ಇದು. ನಮ್ಮಲ್ಲಿ ಪ್ರಸಂಗ ಗೊತ್ತಿಲ್ಲದೆ ಯಾರೂ ಯಕ್ಷಗಾನದ ಆಟಕ್ಕೆ ಹೋಗುವುದಿಲ್ಲವಲ್ಲ, ಹಾಗೆ. ಕೀಚಕ ಸಾಯ್ತಾನೆ ಅಂತ ಗೊತ್ತಿದ್ದೂ ಬೆಳಗಿನವರೆಗೆ ಕೂರುತ್ತೇವೆ.

ಹಾಗಾಗಿ ಕುತೂಹಲದ ಲೆಕ್ಕದಲ್ಲಿ ತಪ್ಪು ಹುಡುಕಬಾರದು. ತಪ್ಪು ಇರುವುದು ಬೇರೆ ಕಡೆ, ಅದನ್ನೂ ಆಟದಿಂದಲೇ ಹೇಳಬಹುದು. ತೆಂಕುತಿಟ್ಟಿನ (ದಕ್ಷಿಣದ ಶೈಲಿಯ) ಬಣ್ಣದ ವೇಷಕ್ಕೆ, ಅಂದರೆ ರಕ್ಕಸ ಪಾತ್ರಕ್ಕೆ, ಅಕ್ಕಿಹಿಟ್ಟು ಸುಣ್ಣ ಕಲಸಿ ಮುಖದ ಮೇಲೆ ಒಂದೊಂದೇ ಚಿಟ್ಟಿ ಇಡ್ತಾರೆ, ಗಂಟೆಗಟ್ಟಲೆ ಕೆಲಸ. ತೆರೆ ಸರಿಯುವ ಮೊದಲೇ ಒಳಗಿರುವುದು ರಕ್ಕಸ ಅಂತ ಕೂತವರಿಗೆಲ್ಲ ತಿಳಿಯುತ್ತೆ. ಇಷ್ಟು ದೃಶ್ಯವೈಭವ ಇರುವ ಕಲೆಯನ್ನು ‘ಬರೀ ಸ್ಟೈಲು’ ಅಂತ ಯಾರಾದರೂ ಅಂದಿದ್ದಾರಾ? ಇಲ್ಲ. ಯಾಕೆಂದರೆ ವೇಷ ಹೇಳಿದ್ದನ್ನು ಅರ್ಥ (ಪಾತ್ರಧಾರಿ ಆಡುವ ಮಾತು) ಮತ್ತೆ ಹೇಳುವುದಿಲ್ಲ. ರಾವಣನ ವೇಷ ‘ನಾನು ಉಗ್ರ’ ಅನ್ನುತ್ತೆ, ಅರ್ಥ ಹೇಳುವವರು ಅವನ ಅಭಿಮಾನ, ಅವನ ಸೋಲು, ಅವನ ತರ್ಕ ತೆಗೀತಾರೆ. ಎರಡರ ನಡುವಿನ ಅಂತರದಲ್ಲಿ ಪಾತ್ರ ಹುಟ್ಟುತ್ತೆ.

ಡೆಲ್ ಟೋರೊ ಎಡಿತ್ ವಿಷಯದಲ್ಲಿ ಈ ಅಂತರ ಇಟ್ಟಿಲ್ಲ. ವಸ್ತ್ರವಿನ್ಯಾಸಕಿ ಕೇಟ್ ಹಾಲಿ ಅವಳಿಗೆ ಚಿಟ್ಟೆಯ ಬಂಗಾರ ಬಣ್ಣ, ದೊಡ್ಡ ತೋಳು ಕೊಟ್ಟರು. ಸಾಕು, ಅವಳು ಚಿಟ್ಟೆ. ಅದರ ಮೇಲೆ ಸಂಭಾಷಣೆಯೂ ಚಿಟ್ಟೆ ಅನ್ನುತ್ತೆ, ಪತಂಗ ಚಿಟ್ಟೆಯನ್ನು ತಿನ್ನುತ್ತೆ ಅಂತ ಅರ್ಥವನ್ನೂ ಬಿಡಿಸಿ ಹೇಳುತ್ತೆ. ವೇಷವೂ ಅದೇ, ಅರ್ಥವೂ ಅದೇ. ನಟಿ ಮಿಯಾ ವಾಸಿಕೋವ್ಸ್ಕಾಗೆ ಮಾಡಲು ಏನುಳಿಯಿತು?

ಲೂಸಿಲ್ ಉಳಿಯುವುದು ಅಲ್ಲಿ ಅಂತರ ಇರುವುದರಿಂದ. ಆಲರ್ಡೇಲ್‌ನಲ್ಲಿ ಅವಳ ಗೌನು ಮನೆಯ ಗೋಡೆಯದೇ ಕಡುನೀಲಿ ಹಸಿರು. ನಿಂತರೆ ಗೋಡೆಯ ತುಂಡು ಹಾಗೆ ಕಾಣ್ತಾಳೆ. ವೇಷ ಹೇಳುವುದು ‘ಇವಳು ಈ ಮನೆಯವಳು, ತಣ್ಣಗಿನವಳು’ ಅಂತ. ಆದರೆ ನಟಿ ಜೆಸ್ಸಿಕಾ ಚಾಸ್ಟೇನ್ ಆಡುವುದು ಕುದಿಯನ್ನು. ಗಂಡ ಹೆಂಡತಿ ಹಿಮದಲ್ಲಿ ಸಿಕ್ಕಿಕೊಂಡು ಡಿಪೋದಲ್ಲಿ ರಾತ್ರಿ ಕಳೆದು ಬಂದ ಬೆಳಿಗ್ಗೆ, ಅಡುಗೆಮನೆಯಲ್ಲಿ ಬಾಣಲೆಯನ್ನು ಮೇಜಿಗೆ ಕುಕ್ಕುತ್ತಾಳಲ್ಲ, ಅಲ್ಲಿ ತಣ್ಣನೆ ಗೋಡೆ ಬಿರುಕು ಬಿಡುತ್ತೆ. ಅದು ಒಂದೇ ಏಟು. ಆಮೇಲೆ ಸ್ವರ ತಗ್ಗಿಸಿ, ಒಬ್ಬಳೇ ಇದ್ದೆ, ಹೆದರಿದ್ದೆ ಅನ್ನುವ ಹಾಗೆ ಮಾತಾಡ್ತಾಳೆ. ಸುಳ್ಳು ಅಂತ ಹೇಳಲಿಕ್ಕೂ ಆಗುವುದಿಲ್ಲ, ಅದೇ ಅವಳ ನಿಜ.


ದೀಪಧಾರಿ:

ಇಬ್ಬರೂ ಬರವಣಿಗೆ ಕಡೆಯಿಂದ ನೋಡಿದ್ದೀರಿ. ಬೆಳಕಿನ ಕಡೆಯಿಂದಲೂ ಒಂದು ದೋಷ ಇದೆ. ಅದು ‘ಹೆಚ್ಚು’ ಅನ್ನುವ ದೋಷ ಅಲ್ಲ, ‘ಮೊದಲಿಂದಲೇ ಪೂರ್ತಿ’ ಅನ್ನುವ ದೋಷ.

ಛಾಯಾಗ್ರಾಹಕ ಡ್ಯಾನ್ ಲೌಸ್ಟ್‌ಸೆನ್ ಅವರ ಬಣ್ಣದ ಯೋಜನೆ ಬಹಳ ಗಟ್ಟಿ. ಬಫಲೋ ಜೇನಿನ ಬಣ್ಣ, ಆಲರ್ಡೇಲ್ ನೀಲಿ ಹಸಿರು, ಕೆಂಪನ್ನು ಜೇಡಿಗೆ, ದೆವ್ವಕ್ಕೆ, ಗತಕಾಲಕ್ಕೆ ಎತ್ತಿಟ್ಟಿದ್ದಾರೆ. ಹಾಗಾಗಿ ಎಡಿತ್‌ಳ ಹಳದಿ ಗೌನು ಬಫಲೋದ ಬೆಳಕನ್ನು ಹೊತ್ತುಕೊಂಡು ಬಂದ ಹಾಗೆ ಕಾಣುತ್ತದೆ, ಆ ಮನೆಯಲ್ಲಿ ಬೆಚ್ಚಗಿರುವುದು ಅದೊಂದೇ. ಪೀಠೋಪಕರಣಗಳನ್ನು ಎರಡು ಅಳತೆಯಲ್ಲಿ ಮಾಡಿಸಿದ್ದರು. ದೊಡ್ಡ ಕುರ್ಚಿಯಲ್ಲಿ ಕೂತರೆ ಎಡಿತ್ ಕುಗ್ಗಿದಂತೆ ಕಾಣಬೇಕು, ಅದಕ್ಕೆ. ಇವೆಲ್ಲ ಪಾತ್ರಕ್ಕಾಗಿ ಮಾಡಿದ ಕೆಲಸವೇ, ಅಲಂಕಾರ ಅಲ್ಲ.

ಆದರೆ ಬಾಗಿಲು ತೆಗೆದ ಮೊದಲ ಶಾಟಿನಲ್ಲೇ ತೂತು ಛಾವಣಿ, ಮೇಲಿಂದ ಉದುರುವುದು, ಕೊಳೆತ ಮೆಟ್ಟಿಲು ಎಲ್ಲ ಬಂದುಬಿಡುತ್ತದೆ. ಸ್ವಲ್ಪದರಲ್ಲೇ ಜೇಡಿ ಜಿನುಗುತ್ತದೆ, ಚಿಮಣಿಗಳಿಗೆ ಗಾಳಿ ಹೊಕ್ಕು ಮನೆ ಉಸಿರಾಡುತ್ತದೆ. ಆಮೇಲೆ ಏರಲು ಮೆಟ್ಟಿಲೇ ಇಲ್ಲ. ಸಂಗೀತದಲ್ಲಿ ಆಲಾಪದಲ್ಲೇ ತಾರಸ್ಥಾಯಿ ಮುಟ್ಟಿದರೆ ಕೀರ್ತನೆಗೆ ಏನು ಉಳಿಯಿತು?

ಇದಕ್ಕೆ ಎದುರಾಗಿ ಜ್ಯಾಕ್ ಕ್ಲೇಟನ್ ಅವರ 1961ರ ‘ದಿ ಇನೊಸೆಂಟ್ಸ್’ ಇಡಿ. ಹೆನ್ರಿ ಜೇಮ್ಸ್ ಕಥೆ, ಕಪ್ಪು ಬಿಳುಪು, ಕ್ಯಾಮೆರಾ ಫ್ರೆಡ್ಡಿ ಫ್ರಾನ್ಸಿಸ್. ಅದರಲ್ಲಿ ಸ್ಟೈಲು ಕಡಿಮೆ ಅಂತ ಯಾರೂ ಹೇಳಲಾರರು. ಸ್ಟುಡಿಯೋದವರು ಸಿನಿಮಾಸ್ಕೋಪ್ ಅಗಲ ಹೇರಿದರು, ನಿರ್ದೇಶಕರಿಗೆ ಬೇಡವಾಗಿತ್ತು. ಫ್ರಾನ್ಸಿಸ್ ಫಿಲ್ಟರುಗಳ ಅಂಚಿಗೆ ಬಣ್ಣ ಬಳಿದು ಫ್ರೇಮಿನ ಎರಡೂ ಬದಿಯನ್ನು ಕತ್ತಲಾಗಿಸಿ, ಅಷ್ಟು ಅಗಲದ ಪರದೆಯಲ್ಲೂ ಉಸಿರುಕಟ್ಟಿಸಿದರು. ಆದರೂ ಆ ಮನೆಗೆ ಮಕ್ಕಳನ್ನು ನೋಡಿಕೊಳ್ಳುವ ಶಿಕ್ಷಕಿಯಾಗಿ ಮಿಸ್ ಗಿಡ್ಡನ್ಸ್ ಬರುವುದು ಒಳ್ಳೆಯ ಬಿಸಿಲಲ್ಲಿ, ತೋಟದ ನಡುವೆ. ಬಿಳಿ ಗುಲಾಬಿ ಮುಟ್ಟಿದರೆ ದಳ ಉದುರುತ್ತದೆ, ಅಷ್ಟೇ. ಕತ್ತಲು ಅವಳ ಮನಸ್ಸು ಕೆಡುತ್ತಾ ಹೋದ ಹಾಗೆ ಹೆಚ್ಚುತ್ತಾ ಹೋಗುತ್ತದೆ.

ಮೂರನೇ_ಅಂಕ ಅವರ ಎರಡು ಅಂಕಣದ ಹಾಳೆಯನ್ನು ಇದಕ್ಕೂ ಹಾಕಿ ನೋಡಿ. ಮೊದಲು ಗೋಪುರದ ಮೇಲೆ ಯಾರೋ ಗಂಡಸನ್ನು ಬಿಸಿಲಿನ ಝಳದಲ್ಲಿ ಅರೆಬರೆ ಕಾಣುತ್ತಾಳೆ. ಆಮೇಲೆ ಕಣ್ಣಾಮುಚ್ಚಾಲೆ ಆಡುವಾಗ ಅಟ್ಟದಲ್ಲಿ ಒಬ್ಬನ ಚಿಕ್ಕ ಚಿತ್ರ ಸಿಗುತ್ತದೆ. ಅದಾದ ಮೇಲೆ ಪರದೆಯ ಹಿಂದೆ ಅಡಗಿ ನಿಂತಾಗ ಕಿಟಕಿಯ ಗಾಜಿನಾಚೆ ಕತ್ತಲೊಳಗಿಂದ ಆ ಮನೆಯ ಸತ್ತ ಸೇವಕ ಕ್ವಿಂಟ್‌ನ ಮುಖ ತೇಲಿಕೊಂಡು ಹತ್ತಿರ ಬರುತ್ತದೆ. ಅವಳು ಮನೆವಾರ್ತೆ ನೋಡಿಕೊಳ್ಳುವ ಮಿಸೆಸ್ ಗ್ರೋಸ್‌ಗೆ ಕೊಡುವ ವರ್ಣನೆ ಯಾವುದರದ್ದು? ಕಂಡ ದೆವ್ವದ್ದೋ, ಆಗಲೇ ನೋಡಿದ್ದ ಚಿತ್ರದ್ದೋ? ಈ ಸಂಶಯ ಹುಟ್ಟಿದ್ದು ಬೆಳಕಿನಿಂದಲ್ಲ, ಘಟನೆಗಳ ಸರದಿಯಿಂದ. ಚಿತ್ರ ಸಿಗುವುದನ್ನು ಕಿಟಕಿಯ ನಂತರಕ್ಕೆ ತಳ್ಳಿ ನೋಡಿ, ಅದೇ ಬೆಳಕಿನಲ್ಲಿ ಬರೀ ದೆವ್ವದ ಸಿನಿಮಾ ಆಗಿಬಿಡುತ್ತದೆ.


ಹಳೇ_ರೀಲ್:

ಎಲ್ಲರಿಗೂ ಧನ್ಯವಾದ. ವೇಷ ಮತ್ತು ಅರ್ಥದ ಹೋಲಿಕೆ ನನ್ನ ಪ್ರಶ್ನೆಯನ್ನೇ ತಿದ್ದಿತು.

ದೀಪಧಾರಿ ಅವರಿಗೆ ಒಂದು ಉಪಪ್ರಶ್ನೆ. ಇಂಥ ಸೆಟ್ಟು ಕಟ್ಟುವ ಹಣ ಇಲ್ಲದವರು ಹಳೇ ಮನೆಯೊಂದರಲ್ಲಿ ಮೇಣದಬತ್ತಿ ಹಚ್ಚಿ ಕಿರುಚಿತ್ರ ತೆಗೀತಾರೆ, ಎಲ್ಲವೂ ಕಪ್ಪು ಮುದ್ದೆಯಾಗಿ ಬರುತ್ತೆ. ಮುಖವೂ ಕಾಣಲ್ಲ, ಮನೆಯೂ ಕಾಣಲ್ಲ. ತಪ್ಪು ಎಲ್ಲಿ ಆಗುತ್ತೆ?


ದೀಪಧಾರಿ:

ಲೆಕ್ಕದಲ್ಲಿ ಆಗುತ್ತದೆ. ಸಾದಾ ಮೇಣದಬತ್ತಿ ಒಂದು ಮೀಟರ್ ದೂರಕ್ಕೆ ಕೊಡುವುದು ಸುಮಾರು 1 ಲಕ್ಸ್ ಬೆಳಕು. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 800, ಅಪರ್ಚರ್ (ಲೆನ್ಸಿನ ಕಿಂಡಿ, ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು) ಎಫ್ 2, ಸೆಕೆಂಡಿಗೆ 24 ಫ್ರೇಮ್ ಇಟ್ಟರೆ ಮುಖ ಸರಿಯಾಗಿ ಬರಲು 60 ಲಕ್ಸ್ ಆಸುಪಾಸು ಬೇಕು. ಹತ್ತಿರ ಹತ್ತಿರ ಆರು ಸ್ಟಾಪ್ ಕೊರತೆ (ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು). ಬತ್ತಿಯನ್ನು ಮುಖದಿಂದ 30 ಸೆಂಟಿಮೀಟರಿಗೆ ತಂದರೆ 11 ಲಕ್ಸ್ ಆಗುತ್ತದೆ, ಕೊರತೆ ಎರಡೂವರೆ ಸ್ಟಾಪಿಗೆ ಇಳಿಯುತ್ತದೆ. ಐಎಸ್‌ಒ 3200, ಎಫ್ 1.4 ಮಾಡಿದರೆ ಏಳೆಂಟು ಲಕ್ಸ್ ಸಾಕು, ಅಂದರೆ ಆ ಒಂದು ಬತ್ತಿಯಲ್ಲೇ ಮುಖ ಬಂತು. ಮೂರು ಬತ್ತಿ ಹಾಕಿದ ದಪ್ಪ ಮೇಣದಬತ್ತಿ ಮಾಡಿಸಿಕೊಂಡರೆ ಇನ್ನೂ ಅನುಕೂಲ.

ಆದರೆ ಅಲ್ಲೊಂದು ಬೆಲೆ ಇದೆ. ಫುಲ್ ಫ್ರೇಮ್ ಕ್ಯಾಮೆರಾ, 50 ಎಂಎಂ ಲೆನ್ಸು, ಎಫ್ 1.4, ಒಂದೂವರೆ ಮೀಟರ್ ದೂರ: ಫೋಕಸ್ ನಿಲ್ಲುವುದು ಏಳೆಂಟು ಸೆಂಟಿಮೀಟರ್ ಅಷ್ಟೇ. ಕಣ್ಣು ಚೂಪಾಗಿದ್ದರೆ ಕಿವಿ ಮಸುಕು. ಹಿಂದಿನ ಮನೆ ಪೂರ್ತಿ ಮಾಯ. ‘ದಿ ಇನೊಸೆಂಟ್ಸ್’ ಥರ ಎದುರಿನ ಮುಖ, ಹಿಂದಿನ ಕಿಟಕಿ ಎರಡೂ ಚೂಪಾಗಿ ಬೇಕೆಂದು ಎಫ್ 2ರಿಂದ ಎಫ್ 11ಕ್ಕೆ ಹೋದರೆ ಐದು ಸ್ಟಾಪ್, ಅಂದರೆ 32 ಪಟ್ಟು ಬೆಳಕು ಸುರಿಯಬೇಕು. ಫ್ರಾನ್ಸಿಸ್ ಅಷ್ಟೊಂದು ದೊಡ್ಡ ದೀಪಗಳನ್ನು ಇಟ್ಟದ್ದು ಅದಕ್ಕೇ. ಕತ್ತಲಾಗಿ ಕಾಣಬೇಕಾದ ದೃಶ್ಯಕ್ಕೆ ಎಲ್ಲಕ್ಕಿಂತ ಹೆಚ್ಚು ಬೆಳಕು ಬೇಕಾಗುವುದು ಇಂಥ ಕಡೆ. ಹಾಗಾಗಿ ಶಾಟ್ ಬರೆಯುವಾಗಲೇ ತೀರ್ಮಾನಿಸಿ: ಈ ಕ್ಷಣ ಮುಖದ್ದೋ, ಮನೆಯದ್ದೋ? ಎರಡೂ ಬೇಕು ಅಂದವರಿಗೇ ಆ ಕಪ್ಪು ಮುದ್ದೆ ಸಿಗುವುದು.

ಕೈಗೆಟುಕುವ ದಾರಿ ಹೀಗಿದೆ. ಬತ್ತಿ ಫ್ರೇಮಿನಲ್ಲಿ ಇರಲಿ, ಅದೇ ದಿಕ್ಕಿನಿಂದ ಫ್ರೇಮಿನಾಚೆ ಒಂದು ಚಿಕ್ಕ ಎಲ್‌ಇಡಿಯನ್ನು 1900 ಕೆಲ್ವಿನ್ ಆಸುಪಾಸಿಗೆ ಇಳಿಸಿ, ಬಿಳಿ ಬಟ್ಟೆಯ ಹಿಂದೆ ಇಡಿ. ಅಗ್ಗದ ಎಲ್‌ಇಡಿಗಳನ್ನು ತೀರಾ ಮಂದ ಮಾಡಿದರೆ ಮಿಣುಕುತ್ತವೆ, ಮೊದಲು ಒಂದು ನಿಮಿಷ ರೆಕಾರ್ಡ್ ಮಾಡಿ ದೊಡ್ಡ ಪರದೆಯಲ್ಲಿ ನೋಡಿ. ನಮ್ಮಲ್ಲಿ ಕರೆಂಟು 50 ಹರ್ಟ್ಸ್, ಆದ್ದರಿಂದ ಶಟರ್ ಸೆಕೆಂಡಿನ ಐವತ್ತನೇ ಒಂದು ಭಾಗಕ್ಕೆ ಇಡಿ. ಶಟರ್ ಕೋನದ ಡಿಗ್ರಿಯಲ್ಲಿ ಹೇಳುವುದಾದರೆ 172.8. ಮನೆಯ ಆಕಾರ ತಿಳಿಯಲು ಕಿಟಕಿ ಕಡೆಯಿಂದ ತಣ್ಣನೆಯ ಬೆಳಕು ಗೋಡೆಗೆ ಮಾತ್ರ ಬೀಳಲಿ, ಮುಖಕ್ಕಿಂತ ಮೂರು ಸ್ಟಾಪ್ ಕೆಳಗೆ. ಆ ಬೆಳಕು ಮುಖದ ಮೇಲೂ ಸೋರಿತೋ, ಬತ್ತಿಯ ಬಣ್ಣ ಸತ್ತಿತು.

ಹೊಗೆ ಬಿಡುವುದಿದ್ದರೆ ಫ್ಯಾನು ಆರಿಸಿ, ಬಾಗಿಲು ಮುಚ್ಚಿ ಹತ್ತು ಹದಿನೈದು ನಿಮಿಷ ಹರಡಲು ಬಿಡಿ. ಬಿಟ್ಟ ಕೂಡಲೇ ತೆಗೆದರೆ ಉಂಡೆ ಉಂಡೆಯಾಗಿ ಕಾಣುತ್ತದೆ, ಮುಂದಿನ ಕ್ಲೋಸಪ್ಪಿಗೆ ಆ ಉಂಡೆ ಇರುವುದಿಲ್ಲ, ಕಟ್ ಕೂರುವುದಿಲ್ಲ.

ಒಂದು ಪೈಸೆ ಖರ್ಚಿಲ್ಲದ ಉಪಾಯವೂ ಇದೆ. ಹಿಚ್‌ಕಾಕ್ 1940ರ ‘ರೆಬೆಕಾ’ದಲ್ಲಿ ಮನೆವಾರ್ತೆ ನೋಡಿಕೊಳ್ಳುವ ಮಿಸೆಸ್ ಡ್ಯಾನ್ವರ್ಸ್ ನಡೆಯುವುದನ್ನು ತೋರಿಸುವುದೇ ತೀರಾ ಅಪರೂಪ. ತಿರುಗಿ ನೋಡಿದರೆ ಅಲ್ಲಿ ನಿಂತಿರುತ್ತಾಳೆ. ಅದು ದೃಶ್ಯಶೈಲಿಯೂ ಹೌದು, ಆ ಮನೆಗೆ ಹೊಸದಾಗಿ ಬಂದ ಎಳೇ ಹೆಂಡತಿಯ ಭಯವೂ ಹೌದು, ಪಾತ್ರವೂ ಹೌದು.


ಕತ್ತರಿ_ಕೆಲಸ:

ಎಡಿಟಿಂಗ್ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ.

‘ಕ್ರಿಮ್ಸನ್ ಪೀಕ್’ನಲ್ಲಿ ನಾನು ಮೊದಲು ತೆಗೆಯುವುದು ಮೊದಲ ಶಾಟನ್ನೇ. ಹಿಮದಲ್ಲಿ ಮುಖಕ್ಕೆ ರಕ್ತ ಮೆತ್ತಿಕೊಂಡ ಎಡಿತ್, ದೆವ್ವಗಳು ನಿಜ ಅನ್ನುವ ಅವಳ ದನಿ. ನೋಡಲು ಸೊಗಸು. ಆದರೆ ಒಂದೇ ಏಟಿಗೆ ಎರಡು ಪ್ರಶ್ನೆ ಕೊಲ್ಲುತ್ತದೆ: ಅವಳು ಆ ಕೊನೆಯವರೆಗೆ ಬದುಕಿರುತ್ತಾಳಾ, ದೆವ್ವ ನಿಜವಾ ಅವಳ ಮನಸ್ಸಿನದ್ದಾ. ಎರಡನೆಯದು ಗಾಥಿಕ್‌ನ ಜೀವ. ಆ ಶಾಟನ್ನು ತೆಗೆದರೆ ಸಿನಿಮಾ ತಾಯಿಯ ಸಾವಿನಿಂದ, ಮಗುವಿನ ಮಂಚದ ಹಿಂದೆ ಬಂದು ಮಲಗುವ ಕಪ್ಪು ಆಕೃತಿಯಿಂದ ಶುರುವಾಗುತ್ತದೆ. ಅದಕ್ಕಿಂತ ಒಳ್ಳೆಯ ಆರಂಭ ಬೇಕಾ?

ದೆವ್ವಗಳ ಬಗ್ಗೆ ಯಾರೂ ಹೇಳಲಿಲ್ಲ. ಅವು ಬರೀ ಕಂಪ್ಯೂಟರ್ ಗೊಂಬೆಗಳಲ್ಲ. ಡಗ್ ಜೋನ್ಸ್, ಹಾವಿಯರ್ ಬೊತೆತ್ ಎಂಬ ನಟರು ಮೇಕಪ್ಪಿನಲ್ಲಿ ಸೆಟ್ಟಿನ ಮೇಲೇ ಆಡಿದ್ದು, ಮೇಲಿನ ಹೊಗೆಯಂಥ ಎಳೆಗಳನ್ನು ಆಮೇಲೆ ಸೇರಿಸಿದ್ದು. ಆ ಎಳೆಗಳು ಎಷ್ಟು ಎದ್ದು ಕಾಣುತ್ತವೆ ಅಂದರೆ ಒಳಗಿನ ಮೈ ಕಾಣುವುದಿಲ್ಲ. ಶಾಟನ್ನು ಅರ್ಧ ಸೆಕೆಂಡ್ ಬೇಗ ಕತ್ತರಿಸಿ, ಎಡಿತ್‌ಳ ಮುಖಕ್ಕೆ ಹೋಗಿ, ದೆವ್ವದ ಸದ್ದನ್ನು ಅವಳ ಮುಖದ ಮೇಲೆ ಮುಂದುವರಿಸಿದರೆ ಆ ತೊಂದರೆ ಅರ್ಧ ಕಡಿಮೆಯಾಗುತ್ತದೆ. ‘ಇನೊಸೆಂಟ್ಸ್’ನಲ್ಲಿ ಶಾಲೆಯ ಕೋಣೆಯ ಮೇಜಿನ ಹತ್ತಿರ ಅಳುತ್ತಾ ಕೂತ, ಸತ್ತುಹೋದ ಹಿಂದಿನ ಶಿಕ್ಷಕಿ ಮಿಸ್ ಜೆಸೆಲ್ ಇದ್ದಾಳಲ್ಲ. ಮಾಯವಾದ ಮೇಲೆ ಮಿಸ್ ಗಿಡ್ಡನ್ಸ್ ಹತ್ತಿರ ಹೋಗುತ್ತಾಳೆ, ಅಲ್ಲೊಂದು ಹನಿ ಕಣ್ಣೀರು ಒದ್ದೆಯಾಗಿ ಉಳಿದಿದೆ. ಆಕೃತಿಗಿಂತ ಆ ಹನಿ ಹೆದರಿಸುತ್ತದೆ.

ಸ್ಟೈಲು ಕಥೆಯ ಕೆಲಸ ಕದ್ದಿದೆಯಾ ಅಂತ ತಿಳಿಯಲು ಎಡಿಟ್ ಟೇಬಲ್ಲಿನಲ್ಲಿ ಎರಡು ಪರೀಕ್ಷೆ ಸಾಕು. ಒಮ್ಮೆ ಸದ್ದು ಪೂರ್ತಿ ತೆಗೆದು ನೋಡಿ. ಯಾರಿಗೆ ಯಾರಿಂದ ಏನು ಬೇಕು ಅನ್ನುವುದು ತಿಳಿದರೆ ದೃಶ್ಯ ತನ್ನ ಕೆಲಸ ಮಾಡಿದೆ. ಇನ್ನೊಮ್ಮೆ ಪರದೆ ಆರಿಸಿ ಬರೀ ಕೇಳಿ. ಮೂಕಿಯಲ್ಲಿ ತಿಳಿದದ್ದೇ ಕಿವಿಗೂ ಬಿದ್ದರೆ ಆ ಸಂಭಾಷಣೆಗೆ ಕತ್ತರಿ ಹಾಕಬಹುದು. ಹೊಸದೇನೋ ಕೇಳಿಸಿದರೆ ಬಿಡಿ, ಮುಟ್ಟಬೇಡಿ. ಉದ್ಯಾನದ ಚಿಟ್ಟೆ ದೃಶ್ಯ ಈ ಪರೀಕ್ಷೆಯಲ್ಲಿ ಬೀಳುತ್ತದೆ. ಉರಿಯುವ ಮೇಣದಬತ್ತಿ ಆರದ ಹಾಗೆ ಕುಣಿಯುವ ವಾಲ್ಟ್ಜ್ ಗೆಲ್ಲುತ್ತದೆ: ಥಾಮಸ್ ಅವಳನ್ನು ಆರಿಸಿಕೊಂಡದ್ದು, ಸುತ್ತಲಿನವರ ಉರಿ, ಪಿಯಾನೋ ಹಿಂದಿನ ಕಣ್ಣು, ಯಾವುದನ್ನೂ ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ.


ಮೂರನೇ_ಅಂಕ:

ಕಪ್ಪು_ಪತಂಗ ಅವರ ತಕರಾರನ್ನು ಅರ್ಧ ಒಪ್ಪಿದೆ. ಗೊತ್ತಿದ್ದೂ ನೋಡುವ ಕಥೆ ಇದು, ಸರಿ. ಆದರೆ ಆಗ ಯಾರು ಬದಲಾಗುತ್ತಾರೆ ಅನ್ನುವುದೇ ಕಥೆಯಾಗಬೇಕು. ಇಲ್ಲಿ ನಿಜವಾಗಿ ಬದಲಾಗುವವನು ಥಾಮಸ್ ಒಬ್ಬನೇ, ಅವನ ತೂಗಾಟದ ಮೇಲೆ ಕ್ಯಾಮೆರಾ ಇನ್ನಷ್ಟು ಹೊತ್ತು ನಿಲ್ಲಬೇಕಿತ್ತು. ಉಳಿದ ದೆವ್ವಗಳು ಕೆಂಪು, ಕಪ್ಪು, ಇವನದ್ದು ಮಾತ್ರ ಬಿಳಿ ಅನ್ನುವ ಬಣ್ಣದ ನಿರ್ಧಾರ ಎಷ್ಟು ಒಳ್ಳೆಯದು. ಅದಕ್ಕೆ ಬೇಕಾದ ದೃಶ್ಯಗಳು ಮೊದಲು ಬರಬೇಕಿತ್ತು.

1992ರ ಕೊಪ್ಪೊಲಾ ಅವರ ‘ಡ್ರಾಕುಲಾ’ದಲ್ಲಿ ಇದಕ್ಕಿಂತ ಹುಚ್ಚು ಸ್ಟೈಲಿದೆ, ಡಬಲ್ ಎಕ್ಸ್‌ಪೋಷರ್, ಉಲ್ಟಾ ಓಡಿಸಿದ ಫಿಲ್ಮು, ಎಲ್ಲ ಕ್ಯಾಮೆರಾದ ಒಳಗೇ ಮಾಡಿದ ಹಳೇ ತಂತ್ರಗಳು. ಡ್ರಾಕುಲಾನ ಮನೆಗೆ ಅತಿಥಿಯಾಗಿ ಬರುವ ಹಾರ್ಕರ್ ಪಾತ್ರ ಸಪ್ಪೆ. ಆದರೂ ನಡೆಯುತ್ತದೆ. 1462ರ ಪೀಠಿಕೆಯಲ್ಲೇ ಕೌಂಟ್ ಡ್ರಾಕುಲಾಗೆ ಏನು ಬೇಕು ಅಂತ ಗೊತ್ತಾಗಿದೆ. ಅವನು ಹಾರ್ಕರ್ ಜೊತೆ ಮರ್ಯಾದೆಯಿಂದ ಮಾತಾಡುತ್ತಿರುವಾಗ ಗೋಡೆಯ ಮೇಲೆ ಅವನ ನೆರಳು ಮಾತ್ರ ಹಾರ್ಕರ್‌ನ ಕುತ್ತಿಗೆಗೆ ಕೈ ಚಾಚುತ್ತದೆ. ವೇಷ ಒಂದು, ಅರ್ಥ ಇನ್ನೊಂದು, ಒಂದೇ ಫ್ರೇಮಿನಲ್ಲಿ.


ಕಪ್ಪು_ಪತಂಗ:

ಹೌದು, ಆ ನೆರಳು ಒಳ್ಳೆಯ ಉದಾಹರಣೆ. ಕತ್ತರಿ_ಕೆಲಸ ಅವರ ಪರದೆ ಆರಿಸುವ ಪರೀಕ್ಷೆಗೆ ನನ್ನದೊಂದು ದೃಶ್ಯ ಹಾಕಿ ನೋಡಿ. ಹಾಸಿಗೆ ಹಿಡಿದ ಎಡಿತ್‌ಗೆ ಲೂಸಿಲ್ ಗಂಜಿ ತಿನ್ನಿಸುವುದು. ಒಂದೊಂದು ತುತ್ತು ಎತ್ತುವ ಮೊದಲೂ ಚಮಚವನ್ನು ಬಟ್ಟಲಿನ ಅಂಚಿಗೆ ಉಜ್ಜುತ್ತಾಳೆ, ಕರ್ರ್ ಅಂತ, ನಿಧಾನಕ್ಕೆ. ಬಾಯಲ್ಲಿ ಹೇಳುತ್ತಿರುವುದು ಹಾಸಿಗೆ ಹಿಡಿದಿದ್ದ ತಾಯಿಯನ್ನು ತಾನು ಹೇಗೆ ನೋಡಿಕೊಂಡೆ ಅಂತ. ಕಣ್ಣು ಮುಚ್ಚಿದರೆ ಆ ಮನೆಯ ಒಂದು ಕಂಬವೂ ಕಾಣುವುದಿಲ್ಲ, ಚಮಚ ಮಾತ್ರ ಕೇಳುತ್ತೆ.